ಮಾಶಿಮಾ ಕಿಟಕಿಗೆ ಅಡ್ಡಲಾದ ಗೋಡೆ

"ಗೋಡೆ ಕಟ್ಟಿದ್ದಾಯ್ತು, ಇರಲಿ. ಆ ಬೊಂಬೆ ಮುಖ ಮಾತ್ರ ನನ್ನ ಮನೆ ಕಡೆ ಬೇಡ ಬಾಬಾ," ಎಂದರು ಪಕ್ಕದ ಮನೆಯ ಬಂಗಾಳಿ ಮುದುಕಿ, ಓಣಿಯವರೆಲ್ಲ ಚಿಕ್ಕಮ್ಮ ಎಂಬರ್ಥದಲ್ಲಿ ಕರೆಯುವ ನಿರುಪಮಾ ಮಾಶಿಮಾ. "ನನ್ನ ಮಾವ ಮಾಟ ತೆಗೀತಿದ್ದವರು. ಈ ಮನೆಗೆ ಏನು ಕಳಿಸಿದರೂ ಕಳಿಸಿದವರ ಮನೆಗೇ ತಿರುಗುತ್ತೆ. ತಡೆಯೋದು ನನ್ನ ಕೈಲಿಲ್ಲ."

ಋಷಿಕೇಶ್ ನಕ್ಕುಬಿಟ್ಟ. ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸುವ ಮೇಷ್ಟ್ರಿಗೆ ಮಾಟದ ಹೆದರಿಕೆಯೇ! ಮೈಸೂರಿನಿಂದ ಬಂದು ಟಾಲಿಗಂಜ್‌ನಲ್ಲಿ ಹಳೇ ಮನೆ ಕೊಂಡು ಐದು ತಿಂಗಳಾಗಿತ್ತು. ಹೂದೋಟಕ್ಕೆ ಗೋಡೆ ಎಬ್ಬಿಸುವಾಗ ಮಾಶಿಮಾ ಕೇಳಿದ್ದು ಒಂದೇ ಮಾತು: ಒಂದಡಿ ತಗ್ಗಿಸು, ನನ್ನ ಕೋಣೆಗೆ ಗಾಳಿ ಬೆಳಕು ಆ ಕಿಟಕಿಯೊಂದರಿಂದಲೇ. ಅವನು ಮಂಜೂರಾದ ನಕ್ಷೆ ತೋರಿಸಿದ. ಜಾಗ ತನ್ನದು, ಎತ್ತರ ನಿಯಮದೊಳಗಿದೆ, ಇನ್ನೇನು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮುದುಕಿಯ ಕೋಣೆ ಹಗಲಲ್ಲೇ ಕತ್ತಲಾಯಿತು.

ಹೊಸ ಗೋಡೆಗೆಂದು ಅತ್ತೆ ಮೈಸೂರಿನಿಂದ ದೃಷ್ಟಿಬೊಂಬೆ ಕಳಿಸಿದ್ದರು. ಗುಡ್ಡೆಗಣ್ಣು, ಚಾಚಿದ ಕೆಂಪು ನಾಲಗೆ. ನಂಬಿಕೆ ಇಲ್ಲದ ಅಳಿಯ ಕೆಣಕಲೆಂದೇ ಅದನ್ನು ಮಾಶಿಮಾ ಕಿಟಕಿಗೆ ನೇರವಾಗಿ ಕಟ್ಟಿದ.

"ರೀ, ಅದನ್ನ ರಸ್ತೆ ಕಡೆ ಕಟ್ಟೋದು. ಒಬ್ಬರ ಮನೆಗೆ ಮುಖ ಮಾಡಿ ಕಟ್ಟಿದ್ರೆ ಕೇಡು ಬಯಸಿದ ಹಾಗೆ," ಎಂದಳು ಹೆಂಡತಿ ಶೋಭನಾ.

"ಬಿಡು, ಕಿಟಕೀಲಿ ನೋಡೋಕೆ ಅವರಿಗೂ ಏನಾದ್ರೂ ಬೇಕಲ್ಲ," ಎಂದ.

ಮೂರನೆಯ ಬೆಳಿಗ್ಗೆ ಬೊಂಬೆ ಅವನ ಮನೆಯನ್ನೇ ನೋಡುತ್ತಿತ್ತು. ಗಾಳಿಗೆ ತಿರುಗಿರಬೇಕೆಂದು ತಂತಿಯಿಂದ ಬಿಗಿದು ಮತ್ತೆ ಅತ್ತ ತಿರುಗಿಸಿದ. ಒಣಗಿ ವಾರವಾಗಿದ್ದ ಗೋಡೆಯಿಂದ ಹಸಿ ಸಿಮೆಂಟಿನ ವಾಸನೆ ಬರುತ್ತಿತ್ತು.

ಅಂದು ಶಾಲೆಯಿಂದ ಬಂದ ಏಳು ವರ್ಷದ ಮಗಳು ಅಕ್ಷರಾ ಹೊಸ್ತಿಲಲ್ಲೇ ನಿಂತಳು. ಬರಿಗಾಳಿಯ ಮೇಲೆ ಎರಡೂ ಅಂಗೈ ಊರಿದಳು.

"ಅಪ್ಪಾ, ಯಹಾಂ ಗೋಡೆ ಯಾಕೆ? ಮೈ ಅಂದರ್ ಕೈಸೇ ಆವೂಂ?" ಒಳಗೆ ಹೇಗೆ ಬರಲಿ ಎಂದು ಶಾಲೆಯ ಹಿಂದಿ ಬೆರೆಸಿ ಕೇಳಿದಳು.

ಎತ್ತ ತಿರುಗಿದರೂ ಮಗುವಿಗೆ ಒಂದು ಮೊಳ ಮುಂದೆ ಗೋಡೆ. ಅಮ್ಮನ ಮುಖ ಕಾಣದು, ತಟ್ಟೆ ಕಾಣದು. ಕಣ್ಣಿನ ಡಾಕ್ಟರು ಏನೂ ದೋಷವಿಲ್ಲ ಎಂದರು. ಮರುದಿನ ಗೋಡೆ ಒಂದು ಗೇಣಿಗೆ ಬಂತು. ಅದರ ಮರುದಿನ ನಾಲ್ಕು ಬೆರಳಿಗೆ. ಮಧ್ಯಾಹ್ನದ ಹೊತ್ತಿಗೆ ಅವಳ ಮೂಗಿನ ತುದಿ ತರಚಿತ್ತು, ತುಟಿಯ ಮೇಲೆ ಇಟ್ಟಿಗೆಯ ಪುಡಿ ಕೂತಿತ್ತು.

"ಉಸಿರಾಡೋಕೆ ಜಾಗ ಇಲ್ಲ ಅಪ್ಪಾ."

ಋಷಿಕೇಶ್ ಸುತ್ತಿಗೆ ಎತ್ತಿಕೊಂಡು ಓಡಿದ. ಕೆಟ್ಟ ಮೇಲೆ ಬುದ್ಧಿ ಬಂದಿತ್ತು. ಬಡಿದ. ಅಂಗೈ ಒಡೆಯುವವರೆಗೆ ಬಡಿದ. ಗೋಡೆ ಪೂರ್ತಿ ಉರುಳಿತು. ಒಳಗೆ ಮಗಳ ಕೆಮ್ಮು ನಿಲ್ಲಲಿಲ್ಲ.

ಧೂಳಿನಾಚೆ ಮಾಶಿಮಾ ನಿಂತಿದ್ದರು. ಅವನು ಅವರ ಕಾಲು ಹಿಡಿದ.

"ಇಟ್ಟಿಗೆ ಒಡೆದರೆ ಅದು ಹೋಗಲ್ಲ," ಎಂದರು. ಅವರ ಕಣ್ಣಲ್ಲೂ ನೀರಿತ್ತು. "ಪಾಪ, ಮಗು ಏನು ಮಾಡಿತ್ತು! ಕಟ್ಟಿದವನು ಕೇಳಿ ತಗೋಬಹುದು, ಅಷ್ಟೇ. ಬೊಂಬೆಯ ಕಣ್ಣಲ್ಲಿ ಕಣ್ಣಿಟ್ಟು ಕೇಳು. ಆಮೇಲೆ ಅದನ್ನ ಬಿಡಿಸೋಕೆ ಯಾರಿಂದಲೂ ಆಗಲ್ಲ."

ಬೊಂಬೆ ಇಟ್ಟಿಗೆಗಳ ನಡುವೆ ಮೇಲ್ಮುಖವಾಗಿ ಬಿದ್ದಿತ್ತು. ಅವನು ಮಂಡಿಯೂರಿದ. ಒಳಗೆ ಕೆಮ್ಮು ನಿಂತಿತು. ಶೋಭನಾ ಚೀರಿದಳು. ಅವನಿಗೆ ಯೋಚಿಸಲು ಹೊತ್ತಿರಲಿಲ್ಲ. ಬೊಂಬೆಯನ್ನು ಮುಖಕ್ಕೆ ಹಿಡಿದ. ಗುಡ್ಡೆಗಣ್ಣು ತೇವವಾಗಿತ್ತು. ಅದು ರೆಪ್ಪೆ ಬಡಿಯಿತು.

"ನನಗೆ ಕೊಡು," ಎಂದ.

ಬೆಳಕು ಹೋಯಿತು. ಹಸಿ ಸಿಮೆಂಟು, ಪಾಚಿ, ನೀರಿನ ವಾಸನೆ. ಹಿಂದೆ ತಿರುಗಿದ, ಇಟ್ಟಿಗೆ. ಮೇಲೆ ನೋಡಿದ, ಇಟ್ಟಿಗೆ. ಎಲ್ಲೋ ಆಚೆ ಪುಟ್ಟ ಹೆಜ್ಜೆಗಳು ಮೆಟ್ಟಿಲಿಳಿದು ಓಡಿ ಬಂದವು. ಮಗಳು ನಗುತ್ತಿದ್ದಳು.

"ಅಪ್ಪಾ, ಗೋಡೆ ಹೋಯ್ತು! ನನ್ನ ನೋಡು!"

ಬದುಕಿದಳಲ್ಲ ಎಂದು ಅವನ ಎದೆ ತುಂಬಿ ಬಂತು. ದನಿ ಬಂದ ಕಡೆ ಕೈ ಚಾಚಿದ. ಗೋಡೆ ಇನ್ನೂ ಒಂದು ಮೊಳ ದೂರದಲ್ಲಿತ್ತು.