ಕೂಡ್ಲಿ ಮುಟ್ಟುವ ಮೊದಲು

ದುರ್ಬೀನನ್ನು ಮೊದಲ ಸಲ ಕಣ್ಣಿಗೆ ಹಿಡಿದಾಗ ದಾಕ್ಷಾಯಣಿ ಹುಡುಕಿದ್ದು ನೀರುನಾಯಿಗಳನ್ನು. ಸಿಕ್ಕಿದ್ದು ಗಂಡನ ಮುಖ.

"ಕಂಡ್ವೇನಮ್ಮ?" ಪಕ್ಕದಲ್ಲಿ ಕೂತಿದ್ದ ಮಾವ ಷಡಕ್ಷರಪ್ಪನವರು ಕೇಳಿದರು. "ಬಂಡೆ ಮೇಲೆ ಮೂರು ಕೂತಿವೆ ನೋಡು. ಒಂದರ ಬಾಯಲ್ಲಿ ಮೀನಿದೆ."

"ಹ್ಞೂ ಮಾವ, ಕಂಡ್ವು," ಅಂದಳು ಅವಳು, ಕಣ್ಣು ಕದಲಿಸದೆ.

ಓಂಕಾರಪ್ಪ ದೋಣಿಯ ಆ ತುದಿಯಲ್ಲಿ ಬಿದಿರಿನ ಗಳ ಹಿಡಿದು ನಿಂತಿದ್ದ. ದುರ್ಬೀನಿನಲ್ಲಿ ಮಾತ್ರ ಅವನು ಗೇಣು ದೂರದಲ್ಲಿದ್ದ. ಎಡಹುಬ್ಬಿನ ಅರ್ಧ ಕೂದಲು ಕುಲುಮೆಯ ಝಳಕ್ಕೆ ಸುಟ್ಟು ಕೆಂಚಾಗಿತ್ತು. ಗಲ್ಲದ ಮೇಲೊಂದು ಮಚ್ಚೆ. ಮಚ್ಚೆ ಇರುವುದು ಅವಳಿಗೆ ಗೊತ್ತೇ ಇರಲಿಲ್ಲ. ಗಂಡನ ಮನೆಗೆ ಬಂದು ಮೂರು ತಿಂಗಳಲ್ಲಿ ಅವಳು ನೋಡಿದ್ದು ಅವನ ಪಾದ, ಬೆನ್ನು, ಊಟದ ತಟ್ಟೆಯ ಮೇಲಿನ ಕೈ, ಇಷ್ಟೇ. ಈಗ ಇಡೀ ಮುಖ ಸಿಕ್ಕಿತ್ತು, ಅದೂ ಎಲ್ಲರ ಎದುರಿಗೇ, ಯಾರಿಗೂ ತಿಳಿಯದಂತೆ.

ಅಷ್ಟರಲ್ಲಿ ಅವನು ಕಣ್ಣೆತ್ತಿ ನೇರವಾಗಿ ಗಾಜಿನೊಳಗೇ ನೋಡಿಬಿಟ್ಟ. ದಾಕ್ಷಾಯಣಿಯ ಕೈಯಿಂದ ದುರ್ಬೀನು ಹೊಳೆಗೆ ಬೀಳುವುದರಲ್ಲಿತ್ತು, ಮಾವ ಹಿಡಿದುಕೊಂಡರು.

ಅದು ಮೂವತ್ತಾರನೇ ಇಸವಿಯ ಕಾರ್ತೀಕ ಮಾಸ. ಓಂಕಾರಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ ಮಾಡುತ್ತಿದ್ದ. ದಾಕ್ಷಾಯಣಿ ಶಿವಮೊಗ್ಗೆಯ ಹುಡುಗಿ. ವೈಶಾಖದಲ್ಲಿ ಮದುವೆಯಾಗಿ, ಆಷಾಢ ತವರಿನಲ್ಲಿ ಕಳೆದು, ಶ್ರಾವಣದಲ್ಲಿ ಗಂಡನ ಮನೆಗೆ ಬಂದಿದ್ದಳು. ಪ್ರಸ್ತಕ್ಕೆ ಕಾರ್ತೀಕ ಕಳೆದ ಮೇಲೆ ದಿನ ನೋಡಿದ್ದರು. ಅಲ್ಲಿಯವರೆಗೆ ಅವಳಿಗೆ ಅತ್ತೆಯ ಪಕ್ಕದಲ್ಲಿ ಹಾಸಿಗೆ, ಅವನಿಗೆ ಜಗುಲಿ. ಹದಿನಾಲ್ಕು ಜನರ ಮನೆ. ಹಿರಿಯರೆದುರು ಹೊಸ ಸೊಸೆ ಗಂಡನ ಜೊತೆ ಮಾತಾಡುವಂತಿಲ್ಲ, ಹಿರಿಯರಿಲ್ಲದ ಮೂಲೆ ಆ ಮನೆಯಲ್ಲಿ ಇರಲಿಲ್ಲ.

ಆದರೂ ಅವಳು ಅವನನ್ನು ಮೆಚ್ಚಿಕೊಂಡಾಗಿತ್ತು. ಬಂದ ಮೊದಲ ವಾರ ರೊಟ್ಟಿ ಹಂಚು ಮುಟ್ಟಿ ಬೆರಳು ಸುಟ್ಟುಕೊಂಡಿದ್ದಳು, ಯಾರಿಗೂ ಹೇಳಿರಲಿಲ್ಲ. ಮರುದಿನ ಅಡುಗೆಮನೆಯ ಕಿಟಕಿಯ ಮೇಲೆ ಸುಟ್ಟಗಾಯದ ಮುಲಾಮಿನ ಪುಟ್ಟ ಡಬ್ಬಿ ಇತ್ತು. ಬೆಂಕಿಯ ಕೆಲಸದವನ ಕಣ್ಣು ಸುಟ್ಟ ಬೆರಳನ್ನು ಗುರುತಿಸಿತ್ತು, ತಟ್ಟೆಗೆ ಪಲ್ಯ ಬಡಿಸುವಷ್ಟರಲ್ಲೇ.

ಕಾರ್ತೀಕ ಸೋಮವಾರ ಕೂಡ್ಲಿಯ ಸಂಗಮದಲ್ಲಿ ಮೀಯುವುದು ಅವರ ಮನೆಯ ಪದ್ಧತಿ. ಈ ಸಲ ಅತ್ತೆ ಕಾಶಮ್ಮ, "ಬಸ್ಸು ಬೇಡ, ಹೊಳೇಲೇ ಹೋಗೋಣ," ಎಂದು ಹಟ ಹಿಡಿದರು. ಮನೆಯವರೆಲ್ಲ ನಕ್ಕರು. ಭದ್ರೆಯ ಗುಂಟ ಎರಡು ದಿನ ದೋಣಿಯಲ್ಲಿ ತೇಲುತ್ತ ಹೋಗುವುದು ಯಾವ ಸುಖಕ್ಕೆ? ಒಪ್ಪಿದವರು ಮಾವ ಒಬ್ಬರೇ. ತನ್ನ ದೇಶಕ್ಕೆ ವಾಪಸಾದ ಬಿಳಿ ದೊರೆಯೊಬ್ಬರ ಸಾಮಾನು ಹರಾಜಿನಲ್ಲಿ ಅವರು ದುರ್ಬೀನು ಕೊಂಡಿದ್ದರು, ಅದರಲ್ಲಿ ನೋಡಲು ಎದುರುಮನೆಯ ಹುಣಸೆಮರ ಬಿಟ್ಟು ಇನ್ನೇನೂ ಸಿಕ್ಕಿರಲಿಲ್ಲ.

ಅಂತೂ ಅಂಬಿಗರ ಕಲ್ಲಪ್ಪ ಎರಡು ದೋಣಿ ಜೋಡಿಸಿ, ನಡುವೆ ಹಲಗೆ ಹಾಸಿ, ಮೇಲೆ ಚಾಪೆಯ ಚಪ್ಪರ ಕಟ್ಟಿದ. ಹೊರಟವರು ಅತ್ತೆ, ಮಾವ, ಅತ್ತೆಯ ಅಕ್ಕ ದೊಡ್ಡವ್ವ ಮತ್ತು ಗಂಡ ಹೆಂಡತಿ. ಭಾನುವಾರ ಮಧ್ಯಾಹ್ನ ಒಂದು ಮಾವಿನ ತೋಪಿನ ದಡ ಹಿಡಿದು ಬುತ್ತಿ ಬಿಚ್ಚಿದರು. ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುವುದನ್ನು ಎಲ್ಲರೂ ಸರದಿಯ ಮೇಲೆ ನೋಡಿದರು. ದೊಡ್ಡವ್ವನಿಗೆ ದುರ್ಬೀನು ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಅವರ ಕಣ್ಣು ಮಬ್ಬು, ಬಾಯಿ ಮಾತ್ರ ಚುರುಕು.

ಸಂಜೆ ಹೊಳೆಹೊನ್ನೂರಿನಲ್ಲಿ ಪರಿಚಯದವರ ಮನೆಯಲ್ಲಿ ಇಳಿದರು. ದೀಪ ಹಚ್ಚುವ ಹೊತ್ತು. ದಾಕ್ಷಾಯಣಿ ಚೊಂಬು ತೊಳೆಯಲು ಹಿತ್ತಿಲಿಗೆ ಹೋದಾಗ ಗೋಡೆಯಾಚೆ ತಾಯಿ ಮಗನ ಮಾತು ಕೇಳಿಸಿತು.

"ಅವಳಣ್ಣಂಗೆ ಕಾಗದ ಹಾಕಿದೀನಿ ಅವ್ವ. ನಾಳೆ ಕೂಡ್ಲಿಗೆ ಬರ್ತಾನೆ. ಕರ್ಕೊಂಡು ಹೋಗ್ಲಿ."

"ಎಷ್ಟು ದಿನಕ್ಕೋ?"

"ಅವಳಿಗೆ ಬೇಕು ಅನ್ನಿಸಿದಷ್ಟು ದಿನ. ಅವಳ ಮನಸ್ಸು ಇಲ್ಲಿ ನಿಂತಿಲ್ಲ. ದಿನಾ ಸಂಜೆ ಹಿತ್ತಿಲ ಬಾಗಿಲಲ್ಲಿ ನಿಂತು ಶಿವಮೊಗ್ಗೆ ರೈಲು ನೋಡ್ತಾಳೆ ಅಂತ ದೊಡ್ಡವ್ವ ಹೇಳ್ತಾನೇ ಇರ್ತಾಳೆ. ನಾನೂ ಒಂದಿನ ಬೇಗ ಬಂದಾಗ ನೋಡ್ದೆ, ಕಣ್ಣು ಒರೆಸ್ಕೊಳ್ತಿದ್ಲು. ಬಲವಂತ ಮಾಡಿ ಇಟ್ಕೊಳ್ಳೋದು ನಂಗೆ ಬೇಡ. ಪ್ರಸ್ತಾನೂ ಮುಂದಕ್ಕೆ ಹಾಕಿ."

"ಆಗ್ಲಿ. ಕೂಡ್ಲಿ ಇನ್ನೂ ದೂರ ಇದೆಯಲ್ಲ, ನೋಡೋಣ," ಅಂದರು ಕಾಶಮ್ಮ.

ದಾಕ್ಷಾಯಣಿ ಚೊಂಬನ್ನು ಮೂರು ಸಲ ತೊಳೆದಳು. ಅಯ್ಯೋ ಶಿವನೇ, ರೈಲು ಹೋಗುತ್ತಿದ್ದದ್ದು ನಿಜ. ಅದನ್ನು ನೋಡಿದವರು ಯಾರು? ಅದೇ ಹೊತ್ತಿಗೆ ಕಾರ್ಖಾನೆಯವರು ಕುಲುಮೆಯಿಂದ ಕುದಿಯುವ ಕಬ್ಬಿಣದ ಕಿಟ್ಟ ಸುರಿಯುತ್ತಿದ್ದರು, ಆ ಕಡೆಯ ಆಕಾಶವೆಲ್ಲ ಕೆಂಪಾಗುತ್ತಿತ್ತು. ಅಷ್ಟು ಬೆಂಕಿಯ ಮುಂದೆ ಅವನು ನಿಂತಿದ್ದಾನಲ್ಲ ಎಂದು ಅವಳ ಕಣ್ಣು ತುಂಬುತ್ತಿತ್ತು. ಕೆಂಪು ಆರುವ ತನಕ ನಿಂತು, ಕೈಮುಗಿದು ಒಳಗೆ ಬರುತ್ತಿದ್ದಳು. ಇದನ್ನು ಅವನಿಗೆ ಹೇಳಬೇಕು, ಕೂಡ್ಲಿ ಮುಟ್ಟುವ ಮೊದಲೇ ಹೇಳಬೇಕು. ಹೇಗೆ ಹೇಳುವುದು?

ಮರುದಿನ ಬೆಳಗ್ಗೆ ದೋಣಿ ಹೊರಟಿತು. ನಡುಹೊಳೆಯಲ್ಲಿ ಕಪ್ಪುಬಿಳಿ ಮಿಂಚುಳ್ಳಿಯೊಂದು ಗಾಳಿಯಲ್ಲೇ ನಿಂತು ರೆಕ್ಕೆ ಬಡಿಯುತ್ತಿತ್ತು. ದಾಕ್ಷಾಯಣಿ ಧೈರ್ಯ ತಂದುಕೊಂಡು ಅತ್ತೆಯ ಕಡೆ ತಿರುಗಿದಳು. ದನಿಯನ್ನು ಮಾತ್ರ ದೋಣಿಯ ಆ ತುದಿ ಮುಟ್ಟುವಷ್ಟು ಎತ್ತರಿಸಿದಳು.

"ನೋಡಿ ಅತ್ತೆ, ಎಷ್ಟು ಹೊತ್ತಿಂದ ನಿಂತಲ್ಲೇ ಬಡ್ಕೋತಿದೆ. ಕೆಳಗೆ ಇಳಿದು ಒಂದ್ಸಲ ಕೇಳೋಕೆ ಏನು ಕಷ್ಟ ಇದಕ್ಕೆ?"

ಗಳ ಹಾಕುತ್ತಿದ್ದ ಕೈ ನಿಂತಿತು. ಓಂಕಾರಪ್ಪ ಹಕ್ಕಿಯನ್ನೇ ನೋಡುತ್ತ, "ಮೀನಿಗೆ ಅದು ಬರೋದು ಇಷ್ಟ ಇದೆಯೋ ಇಲ್ವೋ ಯಾರಿಗೆ ಗೊತ್ತವ್ವ," ಅಂದ.

"ಮೀನಿನ ಮನಸ್ಸನ್ನ ಬೇರೆಯವರ ಬಾಯಿಂದ ತಿಳ್ಕೊಂಡ್ರೆ ಹಿಂಗೇ ಆಗೋದು ಅತ್ತೆ."

"ಮೀನು ಬಾಯಿ ಬಿಟ್ರೆ ತಾನೆ ಅವ್ವ?"

ಅವನ ತುಟಿಯ ತುದಿಯಲ್ಲಿ ನಗು ಇತ್ತೋ ಇಲ್ಲವೋ, ದುರ್ಬೀನು ಈಗ ದೊಡ್ಡವ್ವನ ಮಡಿಲಲ್ಲಿತ್ತು. "ಮೀನಾ? ಎಲ್ಲಿ ಮೀನು? ಲಿಂಗ ಕಟ್ಟಿದೋರು ಮೀನಿನ ಮಾತು ಯಾಕ್ರೇ ಆಡ್ತೀರ ಬೆಳಗ್ಗೆ ಬೆಳಗ್ಗೆ!" ಎಂದು ಅವರು ಗದರಿದರು. ಮಾತು ಅಲ್ಲಿಗೇ ನಿಂತಿತು. ಕಾಶಮ್ಮ ಮಾತ್ರ ಒಮ್ಮೆ ಹಕ್ಕಿಯನ್ನೂ ಒಮ್ಮೆ ಸೊಸೆಯನ್ನೂ ನೋಡಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಇನ್ನೊಂದು ತಿರುವು ಕಳೆದರೆ ಕೂಡ್ಲಿ ಎಂದ ಕಲ್ಲಪ್ಪ. ಉಪ್ಪಿಟ್ಟಿಗೆಂದು ಕೊನೆಯ ಸಲ ಒಂದು ಮರಳುದಿಬ್ಬಕ್ಕೆ ದೋಣಿ ಕಟ್ಟಿದ. ಕಾಶಮ್ಮ ಒಲೆ ಹೂಡಿದರು. ಓಂಕಾರಪ್ಪ ತಾಮ್ರದ ಕೊಡ ಹಿಡಿದು ತಿಳಿನೀರು ಹುಡುಕುತ್ತ ದಿಬ್ಬದ ಆ ಕೊನೆಗೆ ಹೋದ.

ದಾಕ್ಷಾಯಣಿ ದೋಣಿಯಲ್ಲೇ ಕೂತು ದುರ್ಬೀನು ಎತ್ತಿಕೊಂಡಳು. ಕೊಕ್ಕರೆ ನೋಡುವ ನೆಪ ಕೂಡ ಈಗ ಬೇಕಿರಲಿಲ್ಲ. ಇನ್ನೊಂದು ತಾಸಿಗೆ ಅಣ್ಣ ಬರುತ್ತಾನೆ, ಆಮೇಲೆ ಈ ಮುಖ ಎಂದು ಕಾಣುತ್ತೋ. ಕಣ್ಣು ತುಂಬಿ ಗಾಜು ಮಂಜಾಯಿತು. ಒರೆಸಿಕೊಂಡು ಮತ್ತೆ ನೋಡಿದಳು. ಅವನು ನೀರಿನಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೊಡ ಬಗ್ಗಿಸುತ್ತಿದ್ದ. ಅವನ ಹಿಂದೆ ನಾಲ್ಕು ಮಾರು ದೂರದಲ್ಲಿ ಒಂದು ಮರದ ದಿಮ್ಮಿ ಬಿದ್ದಿತ್ತು.

ದಿಮ್ಮಿ ಕಣ್ಣು ತೆರೆಯಿತು.

"ರೀ!" ಎಂದು ಕೂಗಿದಳು. ಒಲೆಯ ಹತ್ತಿರವಿದ್ದ ಷಡಕ್ಷರಪ್ಪನವರು ಹೆಂಡತಿಯ ಕಡೆ ತಿರುಗಿ, "ಏನೇ?" ಅಂದರು. ಕೇಳಿಸಬೇಕಾದವನಿಗೆ ಕೇಳಿಸಲೇ ಇಲ್ಲ. ದಿಮ್ಮಿ ಕಾಲೂರಿ ಎದ್ದಿತು.

"ಓಂಕಾರಪ್ಪಾ! ಏ ಓಂಕಾರಪ್ಪಾ! ಮೊಸಳೆ ಕಣೋ, ಎದ್ದು ಬಾರೋ!"

ಹೊಳೆಯ ಎರಡೂ ದಡಕ್ಕೆ ಕೇಳಿಸಿತು. ಓಂಕಾರಪ್ಪ ದಡಬಡಿಸಿ ಎದ್ದ. ಕೊಡ ಕೈಜಾರಿ ಕಲ್ಲಿಗೆ ಬಡಿದು ಢಣ್ ಎಂದಿತು. ಆ ಸದ್ದಿಗೆ ಮೊಸಳೆಯೇ ಬೆಚ್ಚಿ, ಅಡ್ಡ ತಿರುಗಿ, ದೊಪ್ಪನೆ ನೀರಿಗೆ ಬಿದ್ದು ಮುಳುಗಿತು. ಅವನು ಓಡಲಿಲ್ಲ. ಬಾಯಿ ತೆರೆದು ದೋಣಿಯ ಕಡೆ ನೋಡುತ್ತ ನಿಂತಿದ್ದ. ಮೊಸಳೆ ಬಂದದ್ದಕ್ಕಿಂತ ಹೆಂಡತಿ ಹೆಸರು ಹಿಡಿದು ಕರೆದದ್ದೇ ಅವನಿಗೆ ದೊಡ್ಡ ಸುದ್ದಿಯಾಗಿತ್ತು.

"ಶಿವಶಿವಾ!" ದೊಡ್ಡವ್ವ ಕೆನ್ನೆ ಕೆನ್ನೆ ಬಡಿದುಕೊಂಡರು. "ಗಂಡನ ಹೆಸರು! ಅದೂ ಕಣೋ ಬಾರೋ ಅಂತ! ಅವನ ಆಯುಸ್ಸು ಕಮ್ಮಿ ಆಗುತ್ತಲ್ಲೇ ಮಾರಾಯ್ತಿ!"

"ಹೆಸರು ಕೂಗಿದ್ದಕ್ಕೇ ಅಲ್ವೇನಕ್ಕ ಅವನ ಆಯುಸ್ಸು ಉಳ್ದಿದ್ದು?" ಅಂದರು ಕಾಶಮ್ಮ. ಹತ್ತಿರ ಬಂದ ಮಗನನ್ನು ಅಡಿಯಿಂದ ಮುಡಿಯವರೆಗೆ ತಡವಿ ನೋಡಿ, ಸೊಸೆಯ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಗಡುಸಾಗಿತ್ತು. "ಆದ್ರೂ ತಪ್ಪು ತಪ್ಪೇ. ಒಡಪು ಕಟ್ಟಿ ಹೆಸರು ಹೇಳ್ಲಿ, ತಪ್ಪು ಕಳೆಯುತ್ತೆ. ಮನೆ ತುಂಬುವಾಗ ಹೊಸಿಲಲ್ಲಿ ಹೇಳಿದ್ದು ಬೇಡ, ಅದು ಬಾಯಿಪಾಠ. ಹೊಸದು ಆಗ್ಬೇಕು."

ಒಡಪಿನಲ್ಲಾದರೆ ಹೆಣ್ಣು ಗಂಡನ ಹೆಸರನ್ನು ಯಾರೆದುರಿಗೆ ಬೇಕಾದರೂ ಹೇಳಬಹುದು. ಪ್ರಾಸ ಕೂಡಿಸಿ, ಹೆಸರನ್ನು ಅದರೊಳಗೆ ಇಟ್ಟರೆ ಸಾಕು, ಉಳಿದ ಮಾತು ಅವಳ ಇಷ್ಟ. ದಾಕ್ಷಾಯಣಿಗೆ ತಟ್ಟನೆ ಹೊಳೆಯಿತು. ಇದೇ ದಾರಿ, ಮತ್ತೆ ಸಿಗಲಾರದು. ದೋಣಿಯಿಂದ ಇಳಿದು ಮರಳಿನ ಮೇಲೆ ನಿಂತು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಹೇಳಿದಳು:

"ಹೊಳೆಯ ದಾರಿ ಕೂಡ್ಲಿಗೆ, ರೈಲಿನ ದಾರಿ ಶಿವಮೊಗ್ಗೆಗೆ,
ಹಿತ್ತಿಲ ಬಾಗಿಲಲಿ ನಾ ನಿಲ್ಲುವುದು ಕುಲುಮೆಯ ಕೆಂಪಿಗೆ.
ಆ ಕೆಂಪಿನ ಮುಂದೆ ನಿಂತಿರುವವರು ಓಂಕಾರಪ್ಪನವರು,
ಅವರಿರುವ ಊರೇ ಇನ್ನು ನನಗೆ ತವರು."

ಉಪ್ಪಿಟ್ಟು ತಳ ಹಿಡಿಯುವ ವಾಸನೆ ಬಂತು. ಯಾರೂ ಕದಲಲಿಲ್ಲ. ಓಂಕಾರಪ್ಪನ ಕಿವಿಗಳು ಕೆಂಪಾಗಿದ್ದವು. ಅವನು ಗಳ ಎತ್ತಿಕೊಂಡು ದೋಣಿಯನ್ನು ಬಲವಾಗಿ ತಳ್ಳಿದ.

"ಸಣ್ಣಪ್ಪೋರೆ, ಕೂಡ್ಲಿ ಆ ಕಡೆ," ಅಂದ ಕಲ್ಲಪ್ಪ. "ನೀವು ಭದ್ರಾವತಿ ಕಡೆಗೆ ತಿರುಗಿಸ್ತಿದೀರ. ಇನ್ನೂ ಯಾರೂ ಹತ್ತೇ ಇಲ್ಲ."

ಸೀದ ಉಪ್ಪಿಟ್ಟನ್ನೇ ಎಲ್ಲರೂ ನಗುನಗುತ್ತ ತಿಂದರು. ದೋಣಿ ಮತ್ತೆ ಹೊರಟಾಗ ಕಾಶಮ್ಮ ಗಂಡನಿಗೂ ಅಕ್ಕನಿಗೂ ದುರ್ಬೀನು ಕೊಟ್ಟು, ದೂರದ ದಡದಲ್ಲಿ ಇನ್ನೊಂದು ಮೊಸಳೆ ಇದೆ, ಕಾಣುವ ತನಕ ಬಿಡಬೇಡಿ ಎಂದು ಇಬ್ಬರನ್ನೂ ಆ ಕಡೆಗೆ ತಿರುಗಿಸಿ ಕೂರಿಸಿದರು. ತಾವೂ ಬೆನ್ನು ಹಾಕಿ ಕೂತರು. ಓಂಕಾರಪ್ಪ ಮೆಲ್ಲಗೆ ಈ ತುದಿಗೆ ಬಂದ.

"ರೈಲಲ್ವಾ?" ಪಿಸುಗುಟ್ಟಿದ.

"ಅಲ್ಲ."

"ಮತ್ತೆ ಆವತ್ತು ಕಣ್ಣೀರು?"

"ಅಷ್ಟೊಂದು ಬೆಂಕಿ. ಹೆದ್ರಿಕೆ ಆಗಲ್ವಾ?"

"ನಂಗೋಸ್ಕರ ಯಾರಾದ್ರೂ ಹಂಗೆ ನಿಂತಿರ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ದಾಕ್ಷಾಯಣಿ," ಅಂದ. ಅವನ ಬಾಯಲ್ಲಿ ತನ್ನ ಹೆಸರು ಕೇಳಿ ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಬೆರಳು ವಾಸಿ ಆಯ್ತಾ?"

"ಯಾವತ್ತೋ ಆಯ್ತು. ಡಬ್ಬಿ ಖಾಲಿಯಾಗಿದೆ. ಆದ್ರೂ ಟ್ರಂಕಿನಲ್ಲಿ ಇಟ್ಕೊಂಡಿದೀನಿ."

ಹಲಗೆಯ ಮೇಲೆ ಅವನ ಕೈ ಅವಳ ಕೈಯ ಪಕ್ಕಕ್ಕೆ ಬಂದು ನಿಂತಿತು. ಕಿರುಬೆರಳಿಗೆ ಕಿರುಬೆರಳು ತಾಗುವಷ್ಟೇ. ಒರಟು ಕೈ, ಬಿಸಿಯಾಗಿತ್ತು. ಅವಳು ಸರಿಸಿಕೊಳ್ಳಲಿಲ್ಲ.

ಕೂಡ್ಲಿಯ ಮೆಟ್ಟಿಲ ಮೇಲೆ ಅಣ್ಣ ಕಾದಿದ್ದ. ಎಲ್ಲರ ಸ್ನಾನ, ಪೂಜೆ ಮುಗಿದ ಮೇಲೆ, "ನಡಿ ತಂಗಿ, ಶಿವಮೊಗ್ಗೆ ಬಸ್ಸು ಹೊರಡುತ್ತೆ," ಎಂದು ಅವಳ ಗಂಟಿಗೆ ಕೈ ಹಾಕಿದ. ಆ ಗಂಟನ್ನು ಓಂಕಾರಪ್ಪ ಮೊದಲೇ ಎತ್ತಿಕೊಂಡಿದ್ದ.

"ಭಾವ, ಬಸ್ಸಲ್ಲಿ ಇನ್ನೊಬ್ಬರಿಗೆ ಜಾಗ ಇರುತ್ತಾ? ನಾನೂ ಬರ್ತೀನಿ. ಇನ್ನು ನಾಲ್ಕು ದಿನ ರಜಾ ಇದೆ. ಆಮೇಲೆ ಇಬ್ರೂ ಒಟ್ಟಿಗೆ ವಾಪಸ್ ಬರ್ತೀವಿ. ಮನೇಲಿ ಕೆಲಸ ಇದೆ," ಎಂದು, ಅವ್ವನ ಕಡೆ ತಿರುಗಿ, "ಪ್ರಸ್ತ ಮುಂದಕ್ಕೆ ಹಾಕೋದೇನೂ ಬೇಡ," ಅಂದ. ದಾಕ್ಷಾಯಣಿ ಎಲ್ಲಿ ನೋಡಬೇಕೆಂದು ತಿಳಿಯದೆ ಹೊಳೆಯ ಕಡೆ ನೋಡಿದಳು. ಎಲ್ಲೋ ಆ ನೀರಿನೊಳಗೆ ಇದ್ದ ಮೊಸಳೆಗೆ ಮನಸ್ಸಿನಲ್ಲೇ ಕೈಮುಗಿದಳು.

ನಾಲ್ಕನೆಯ ದಿನ ಸಂಜೆಯ ರೈಲಿನಲ್ಲಿ ಇಬ್ಬರೂ ಭದ್ರಾವತಿಗೆ ಮರಳಿದರು. ಊರು ಹತ್ತಿರವಾದಾಗ ದಾಕ್ಷಾಯಣಿ ಕಿಟಕಿಗೆ ಮುಖ ಹಚ್ಚಿ ಕೂತಳು. ಹಳಿಯ ಪಕ್ಕದ ಮನೆಗಳ ಹಿತ್ತಿಲುಗಳು ಒಂದೊಂದಾಗಿ ಹಿಂದೆ ಸರಿದವು. ಅಷ್ಟರಲ್ಲಿ ತಮ್ಮ ಹಿತ್ತಿಲು ಬಂತು. ಹಳಿಯ ಕಡೆಯ ಬಾಗಿಲಲ್ಲಿ ಅತ್ತೆ ಕಾಶಮ್ಮ ದೀಪ ಹಿಡಿದು ನಿಂತಿದ್ದರು. ಮುಖ ನೇರವಾಗಿ ರೈಲಿನ ಕಡೆಗಿತ್ತು, ಬೆನ್ನ ಹಿಂದೆ ಮನೆಯ ಮಾಡಿನಾಚೆ ಕಾರ್ಖಾನೆಯ ಆಕಾಶ ಕೆಂಪಾಗುತ್ತಿತ್ತು.

ಹೌದಲ್ಲ! ರೈಲು ಒಂದು ಕಡೆ, ಕುಲುಮೆ ಇನ್ನೊಂದು ಕಡೆ. ದಿನಾ ಅದೇ ಹೊತ್ತಿಗೆ ಹಿತ್ತಿಲಲ್ಲಿ ದೀಪ ಹಚ್ಚುತ್ತ ನಿಂತಿರುತ್ತಿದ್ದ ಅತ್ತೆಗೆ ತಾನು ಯಾವ ಕಡೆ ಮುಖ ಮಾಡಿ ನಿಂತಿದ್ದೆ ಎಂದು ಕಾಣದೆ ಇದ್ದೀತೆ? ದೊಡ್ಡವ್ವನಿಗೆ ಕಾಣದ್ದು ಅವರಿಗೆ ಮೂರು ತಿಂಗಳಿಂದ ಕಂಡಿತ್ತು.

ಮನೆ ಹೊಕ್ಕವಳೇ ಅವಳು ಅತ್ತೆಯ ಕಾಲಿಗೆ ಬಿದ್ದಳು. ಏಳಲಿಲ್ಲ. ಕಾಶಮ್ಮನ ಪಾದ ಒದ್ದೆಯಾಯಿತು.

"ನಿಮ್ಗೆ ಗೊತ್ತಿತ್ತು," ಅಂದಳು ದಾಕ್ಷಾಯಣಿ. "ಗೊತ್ತಿದ್ದೂ ಅವರಿಗೆ ಯಾಕೆ ಹೇಳ್ಲಿಲ್ಲ ಅತ್ತೆ?"

"ನಾನು ಹೇಳಿದ್ರೆ ಅದು ನನ್ನ ಮಾತಾಗ್ತಿತ್ತು. ಅವನಿಗೆ ಬೇಕಾಗಿದ್ದು ನಿನ್ನ ಮಾತು." ಕಾಶಮ್ಮ ಸೊಸೆಯನ್ನು ಎಬ್ಬಿಸಿ, ಸೆರಗಿನಿಂದ ಅವಳ ಮುಖ ಒರೆಸಿದರು. "ಬಸ್ಸು ಹತ್ತಿದ್ರೆ ಒಂದು ತಾಸಲ್ಲಿ ಕೂಡ್ಲಿ ಮುಟ್ಟಿಬಿಡ್ತಿದ್ವಿ ಕಣೆ. ಅಷ್ಟರಲ್ಲಿ ನೀನು ಬಾಯಿ ಬಿಡ್ತಿದ್ಯಾ?"