ನಡುವೆ ಬಾಯಿ ಹಾಕುವವರು

ನಾನು ಏನೇ ಹೇಳಹೊರಟರೂ ನಮ್ಮ ಯಜಮಾನರು ನಡುವೆ ಬಾಯಿ ಹಾಕುತ್ತಿದ್ದರು. ಅವರು ದರ್ಜಿ. "ನಿಮ್ಮ ಬಾಯಿಗೇ ಎರಡು ಹೊಲಿಗೆ ಹಾಕ್ಕೊಳ್ರಿ" ಎಂದು ಎಷ್ಟೋ ಸಲ ರೇಗಿದ್ದೇನೆ. ಅವರು ತೀರಿಕೊಂಡ ಮೇಲೆ ನನಗೆ ಮಾತೇ ಬೇಡವಾಯಿತು.

ಒಂದು ಮಧ್ಯಾಹ್ನ ಮಗಳು ಬಂದಳು. ಸೊಸೆಯನ್ನೂ ಕರೆದುಕೊಂಡು ಯಜಮಾನರ ಹೊಲಿಗೆ ಕೋಣೆಯಲ್ಲಿ ಕೂತೆವು.

"ನಿಮ್ಮ ಮದುವೆ ದಿನದ್ದು ಹೇಳಮ್ಮ" ಎಂದಳು ಮಗಳು.

ಅವರೇ ಹೊಲಿದುಕೊಂಡ ಅಂಗಿಯ ಒಂದು ತೋಳು ಗಿಡ್ಡವಾಗಿತ್ತು ಎಂದೆ. "ತೋಳು ಗಿಡ್ಡ ಅಲ್ಲ ಕಣೇ, ನನ್ನ ಕೈ ಉದ್ದ" ಎಂದು ಅವರು ಬಾಯಿ ಹಾಕುತ್ತಿದ್ದ ಜಾಗ ಅದು. ಅಭ್ಯಾಸದಿಂದ ಅಲ್ಲಿ ಮಾತು ನಿಲ್ಲಿಸಿದೆ. ಬಿಸಿಲು ಬಿದ್ದಿದ್ದ ನೆಲ ಪಾದಕ್ಕೆ ತಣ್ಣಗೆ ತಾಗಿತು. ಮೆಷಿನ್ ಎಣ್ಣೆಯ ವಾಸನೆ ಬಂತು. ಮಗಳು, ಸೊಸೆ ಇಬ್ಬರೂ ಮೆಷಿನ್ ಮುಂದಿನ ಖಾಲಿ ಸ್ಟೂಲಿನ ಕಡೆ ತಿರುಗಿ ನಕ್ಕರು.

"ಏನ್ರೇ ಅದು?" ಎಂದೆ.

ಸೊಸೆ ಅತ್ತ ನೋಡುತ್ತಲೇ ಕೈ ಅಡ್ಡ ಹಿಡಿದಳು. "ಇರಿ ಅತ್ತೆ, ಮಾವ ಹೇಳ್ತಿದಾರೆ."

ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ಅವರದೊಂದು ಮಾತು ಕೇಳಿಸಿದ್ದರೆ ನನಗೆ ಸಾಕಿತ್ತು. ಮಗಳು ತಲೆಯಾಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು, ಅವಳ ಕಣ್ಣಿಂದ ನೀರಿಳಿಯುತ್ತಿತ್ತು. ನನ್ನ ಕಿವಿಗೆ ಬಿದ್ದದ್ದು ಫ್ಯಾನಿನ ಸದ್ದು ಮಾತ್ರ.

ಸಂಜೆ ಇಬ್ಬರನ್ನೂ ಬೇಡಿಕೊಂಡೆ, ಯಜಮಾನರೇನು ಹೇಳಿದರೆಂದು ತಿಳಿಸಿ ಎಂದು. ಇಬ್ಬರೂ ಮುಖ ಮುಖ ನೋಡಿಕೊಂಡರು. ಯಾರೂ ನಡುವೆ ಬಾಯಿ ಹಾಕಲೇ ಇಲ್ಲವಂತೆ; ನಾನು ಆ ಕತೆಯನ್ನು ಎಲ್ಲೂ ನಿಲ್ಲಿಸದೆ, ಕೊನೆಯವರೆಗೂ ಹೇಳಿ ಮುಗಿಸಿದೆನಂತೆ.