ಗೆರೆಹುಡುಗಿಯ ಕುಪ್ಪಳಿಕೆ

"ಅಲ್ಲಾಡಬೇಡ ಕಣೆ, ಗುಂಡು ಬಿದ್ದುಹೋಗುತ್ತೆ," ಎಂದ ಇಲ್ಕಾ.

"ಕಚಗುಳಿ ಆದ್ರೆ ನಾನೇನ್ ಮಾಡ್ಲಿ? ಬೇಗ ಅಂಟಿಸು."

ಹೊರಗೆ ಸರೋವರ ಹೆಪ್ಪುಗಟ್ಟಿತ್ತು. ಕ್ರೀಡಾ ಪ್ರಯೋಗಾಲಯದಲ್ಲಿ ಅವನು ಮಂಡಿಯೂರಿ ನನ್ನ ಮೊಣಕಾಲಿಗೆ ಹೊಳೆಯುವ ಪುಟ್ಟ ಗುಂಡೊಂದನ್ನು ಟೇಪಿನಿಂದ ಅಂಟಿಸುತ್ತಿದ್ದ. ಸೊಂಟ, ಭುಜ, ಮೊಣಕೈ, ಕೀಲಿಗೊಂದು ಗುಂಡು. ನಾನು ಜಾವೆಲಿನ್ ಎಸೆಯುವಾಗ ಕ್ಯಾಮೆರಾಗಳು ಆ ಗುಂಡುಗಳನ್ನಷ್ಟೇ ನೋಡುತ್ತವೆ. ಪರದೆಯ ಮೇಲೆ ಬರೀ ಗೆರೆಗಳಿಂದಾದ ಒಬ್ಬ ಹುಡುಗಿ ಓಡುತ್ತಾಳೆ. ಅವಳಿಗೆ ಮುಖವಿಲ್ಲ. ಇಲ್ಕಾ ಅವಳನ್ನು ಗೆರೆಹುಡುಗಿ ಎಂದು ಕರೆಯುತ್ತಿದ್ದ.

"ನಿನಗಿಂತ ಇವಳೇ ವಾಸಿ, ಸೈಮಿ. ಎದುರು ಮಾತಾಡಲ್ಲ."

"ಹಾಗಾದ್ರೆ ಇವಳಿಗೇ ಕಾಫಿ ಕುಡಿಸು ಹೋಗು."

ಅವನು ಓರೆಗಣ್ಣಲ್ಲಿ ನೋಡಿ ನಗುತ್ತಿದ್ದ. ಟೇಪ್ ಕಿತ್ತಾಗ ಚರ್ಮ ಉರಿಯುತ್ತಿತ್ತು. ಆಗ ಅವನು ಬಾಗಿ, ಬಿದ್ದ ಮಕ್ಕಳಿಗೆ ಊದುವ ಹಾಗೆ ನನ್ನ ಮೊಣಕಾಲಿಗೆ ಉಫ್ ಎಂದು ಊದುತ್ತಿದ್ದ. ನಾನು ಮನಸೋತದ್ದು ಅದಕ್ಕೇ, ಅವನ ವಿದ್ಯೆಗಲ್ಲ.

ಒಂದು ದಿನ ಅವನು ಗೆರೆಹುಡುಗಿಯನ್ನು ನಿಧಾನವಾಗಿ ಓಡಿಸಿ ನೋಡಿದ. ಎಸೆಯುವ ಗಳಿಗೆಯಲ್ಲಿ ಎಡಗಾಲು ಗೂಟ ಹೊಡೆದಂತೆ ನಿಲ್ಲಬೇಕು, ಆಗಲೇ ಓಟದ ಬಲವೆಲ್ಲ ಭುಜಕ್ಕೆ ಏರುವುದು. ನನ್ನ ಮೊಣಕಾಲು ಕುಸಿಯುತ್ತಿತ್ತು.

"ನೋವಿದೆ ಅಲ್ವಾ?" ಎಂದು ಮೆಲ್ಲಗೆ ಕೇಳಿದ.

ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿಬಿಟ್ಟೆ. "ಹೋದ ಬೇಸಿಗೆಯಿಂದ ಇದೆ. ಕೋಚ್ ರೈಮೊ ಅವರಿಗೂ ಗೊತ್ತಿಲ್ಲ. ತಂಡದ ಆಯ್ಕೆ ಮುಗಿಯೋವರೆಗೂ ಬಾಯಿ ಬಿಡಬೇಡ. ಅಷ್ಟರಲ್ಲಿ ಇಬ್ರೂ ಸೇರಿ ಸರಿಮಾಡೋಣ."

"ಆಣೆ ಮಾಡ್ತೀನಿ. ಯಾರಿಗೂ ಹೇಳಲ್ಲ."

ಹಿಮ ಕರಗುವ ಹೊತ್ತಿಗೆ ಕೋಚ್‌ಗಳ ಸಭೆ ನಡೆಯಿತು. ಆಯ್ಕೆ ಸಮಿತಿಯವರೂ ಬಂದಿದ್ದರು. ಸಂಶೋಧಕನಾಗಿ ಇಲ್ಕಾನಿಗೆ ಅದು ಮೊದಲ ದೊಡ್ಡ ಭಾಷಣ. ನಾನು ಕಾಫಿ, ಏಲಕ್ಕಿ ಬನ್ನು ಹಿಡಿದು ಹೆಮ್ಮೆಯಿಂದ ಮುಂದಿನ ಸಾಲಿನಲ್ಲೇ ಕೂತೆ.

"ಹೆಸರು ಹೇಳೋ ಹಾಗಿಲ್ಲ. ಒಬ್ಬ ಎಸೆತಗಾರ್ತಿ ಅಂತಿಟ್ಕೊಳ್ಳಿ," ಎಂದು ಪರದೆ ಬೆಳಗಿಸಿದ.

ಗೆರೆಹುಡುಗಿ ಬಂದಳು. ಓಡುವ ಮುನ್ನ ನಿಂತಲ್ಲೇ ಎರಡು ಸಲ ಕುಪ್ಪಳಿಸಿದಳು.

ಅದು ನನ್ನ ಕುಪ್ಪಳಿಕೆ. ಊರೂರಿನ ಮಕ್ಕಳು ಕೋಲು ಹಿಡಿದು ಅದನ್ನೇ ಅಣಕಿಸುತ್ತಾರೆ. ನಮ್ಮ ಫಿನ್ಲೆಂಡಿನಲ್ಲಿ ಜಾವೆಲಿನ್ ಎಸೆಯುವವರ ಮುಖ ಮರೆತವರು ಇದ್ದಾರು, ಓಟ ಮರೆತವರಿಲ್ಲ. ಹೆಸರು ಮರೆಮಾಡಿದ ಆ ಜಾಣ, ಕುಪ್ಪಳಿಕೆಯನ್ನು ಮಾತ್ರ ಹಾಗೇ ಬಿಟ್ಟಿದ್ದ. ಒಂದೊಂದಾಗಿ ತಲೆಗಳು ನನ್ನ ಕಡೆ ತಿರುಗಿದವು. ಪರದೆಯ ಮೇಲೆ ಅವಳ ಎಡ ಮೊಣಕಾಲು ಕುಸಿದಾಗ ರೈಮೊ ಕಾಫಿ ಲೋಟ ಕೆಳಗಿಟ್ಟರು.

"ಈ ಮೊಣಕಾಲು ಬರೋ ಬೇಸಿಗೆಗೆ ತಡೆಯುತ್ತಾ?" ಎಂದು ಆಯ್ಕೆ ಸಮಿತಿಯ ಹೆಂಗಸೊಬ್ಬರು ಕೇಳಿದರು.

ಇಲ್ಕಾ ನನ್ನ ಕಡೆ ನೋಡಲಿಲ್ಲ. "ಇಲ್ಲ, ತಡೆಯಲ್ಲ," ಎಂದ. ಭಾಷಣ ಮುಗಿದಾಗ ಜೋರು ಚಪ್ಪಾಳೆ ಬಿತ್ತು.

ನಾನು ಕೋಟು ಹಾಕಿಕೊಳ್ಳುತ್ತಿದ್ದಾಗ ಓಡಿಬಂದ. "ಸೈಮಿ, ನಿನ್ನ ಹೆಸರು ಹೇಳ್ಲಿಲ್ಲ ಕಣೆ!"

"ಹೇಳೋಕೆ ಇನ್ನೇನು ಉಳಿದಿತ್ತು?"

"ಹಾಗೇ ಎಸೀತಾ ಹೋಗಿದ್ರೆ ಕಾಲೇ ಹೋಗ್ತಿತ್ತು."

"ಅದನ್ನ ನನ್ನ ಹತ್ರ ಹೇಳು. ಇವರ ಹತ್ರ ಯಾಕೆ? ನನಗೋಸ್ಕರ ಮಾಡಿದ್ಯೋ, ಚಪ್ಪಾಳೆಗೋಸ್ಕರನೋ?"

ಅವನ ಕಿವಿ ಕೆಂಪಾಯಿತು. ಸುಳ್ಳು ಹೇಳಲು ಬಾರದ ಪ್ರಾಣಿ. "ಎರಡಕ್ಕೂ," ಎಂದ.

ತಂಡದಲ್ಲಿ ನನ್ನ ಹೆಸರು ಬರಲಿಲ್ಲ. "ನನಗಾದ್ರೂ ಹೇಳ್ಬಾರ್ದಿತ್ತೇನಮ್ಮ?" ಎಂದಷ್ಟೇ ಕೇಳಿದ ರೈಮೊ, ಕಾಲಿಗೆ ಚಿಕಿತ್ಸೆ ಕೊಡಿಸಿದರು. ಬೇಸಿಗೆಯಿಡೀ ನಾನು ಸರೋವರದ ದಂಡೆಯ ಸೌನಾದ ಬಿಸಿ ಹಬೆಯಲ್ಲಿ ಕೂತು ಬೆವರಿದೆ, ಬಿಕ್ಕಿ ಅತ್ತೆ, ಇಲ್ಕಾನಿಗೆ ಹಿಡಿಶಾಪ ಹಾಕಿದೆ. ಆಮೇಲೆ ಅವನು ಊದುತ್ತಿದ್ದುದು ನೆನಪಾಗಿ ನನ್ನನ್ನೇ ಬೈದುಕೊಂಡೆ. ಪ್ರೀತಿ ಸತ್ತಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಎಲೆಗಳು ಹಳದಿಯಾದಾಗ ರೈಮೊ, "ಹೋಗಿ ಮೊಣಕಾಲು ತೋರಿಸ್ಕೊಂಡು ಬಾ," ಎಂದು ಮತ್ತೆ ಪ್ರಯೋಗಾಲಯಕ್ಕೆ ಕಳಿಸಿದರು. ಇಲ್ಕಾ ಗುಂಡು ಅಂಟಿಸಿದ. ಈ ಸಲ ಕಚಗುಳಿಯಾಗಲಿಲ್ಲ.

ನಾನು ಕುಪ್ಪಳಿಸದೆ ಓಡಿದೆ. ಎಡಗಾಲು ಗಟ್ಟಿಯಾಗಿ ನಿಂತಿತು, ಜಾವೆಲಿನ್ ದೂರದ ಬಲೆಗೆ ಬಡಿಯಿತು.

"ಮೊಣಕಾಲು ಸರಿಯಾಗಿದೆ," ಎಂದ ಇಲ್ಕಾ, ಪರದೆ ನೋಡುತ್ತಾ. "ಆದ್ರೆ ಕುಪ್ಪಳಿಕೆ ಎಲ್ಲಿ? ಇದ್ಯಾರೋ ಬೇರೆ ಹುಡುಗಿ ಥರ ಇದೆ."

"ಒಳ್ಳೇದೇ ಆಯ್ತು. ಇನ್ನು ಯಾರಿಗೆ ಬೇಕಾದ್ರೂ ತೋರಿಸು."

ಅವನ ಕಣ್ಣು ತುಂಬಿತು. "ತಪ್ಪಾಯ್ತು ಸೈಮಿ. ನಿನ್ನ ಬಿಟ್ಟು ಇರೋಕೆ ಆಗ್ತಿಲ್ಲ."

"ನನಗೂ ಆಗ್ತಿಲ್ಲ. ಆದ್ರೆ ಇನ್ಮೇಲೆ ಎಲ್ಲಾದ್ರೂ ನೋವಾದ್ರೆ ನಿನ್ನ ಹತ್ರ ಹೇಳ್ಕೊಳ್ಳೋ ಧೈರ್ಯ ನನಗಿಲ್ಲ."

ಬೆಂಚಿನ ಮೇಲೆ ಕೂತು ಮೊಣಕಾಲಿನ ಟೇಪ್ ಕಿತ್ತೆ. ಉರಿಯಿತು. ಹಳೆಯ ಅಭ್ಯಾಸ, ಅವನು ತಕ್ಷಣ ಮಂಡಿಯೂರಿ ಊದಲು ಬಾಗಿದ. ನಾನು ಕಾಲು ಹಿಂದಕ್ಕೆಳೆದುಕೊಂಡೆ. ಗುಂಡನ್ನು ಅವನ ಅಂಗೈಯಲ್ಲಿಟ್ಟು, ನಾನೇ ಬಾಗಿ ಊದಿಕೊಂಡೆ.